ಆರನೇ ಪಿಸ್ಟನ್

ಮೊನ್ನೆ ಹುಬ್ಬಳ್ಳಿಯಿಂದ ಬಂದ ಸೋದರಮಾವನನ್ನು ಪುಣೆಯ ಸ್ವಾರಗೇಟ್ ನಿಲ್ದಾಣದಿಂದ ಮನೆಗೆ ಕರೆತಂದೆ. ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಕೀಲಿ ತಿರುಗಿಸಲು ಹೋದರೆ ಅವರು ನನ್ನ ಮಣಿಕಟ್ಟು ಹಿಡಿದರು. "ತಡೀ ಅಳಿಯಾ. ಟರ್ಬೋ ಗಾಡಿ ಅಲ್ಲೇನಿದು? ಒಂದ್ ನಿಮಿಷ ಉಸಿರು ಬಿಡಲಿ."

ಮಾಮಾ ಹೇಳಿದ್ದು ಸರಿ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದ ಟರ್ಬೋ ತಿರುಗುತ್ತದೆ. ಕಾರಿನ ಟರ್ಬೋ ನಿಮಿಷಕ್ಕೆ ಲಕ್ಷ ಸುತ್ತು ದಾಟುವುದೂ ಉಂಟು. ಅದರ ಬೇರಿಂಗ್ ಬದುಕುವುದು ಎಣ್ಣೆಯ ಹರಿವಿನಿಂದ. ಜೋರಾಗಿ ಓಡಿಸಿ ತಟ್ಟನೆ ಬಂದ್ ಮಾಡಿದರೆ ಹರಿವು ನಿಂತು, ಒಳಗುಳಿದ ಎಣ್ಣೆ ಸುಟ್ಟು ಕರಿಯಾಗುತ್ತದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮಾಮಾ ಇದನ್ನು ಎಲ್ಲಿ ಕಲಿತರು ಎಂಬುದು ನನಗೆ ಗೊತ್ತು. ನಾನೇ ಕಲಿಸಿದ್ದು. ಅದಕ್ಕೆ ಅವರು ಕಟ್ಟಿದ ಶುಲ್ಕವೂ ನನಗೆ ಗೊತ್ತು.

2003ರಲ್ಲಿ ನಾನು ಎಂಟೆಕ್ ಮಾಡುತ್ತಿದ್ದೆ, ಮಾಮಾನ ದುಡ್ಡಿನಲ್ಲಿ. ನನ್ನ ಪ್ರಾಜೆಕ್ಟ್ ವಿಷಯ ಇನ್‌ಲೈನ್ ಸಿಕ್ಸ್ ಎಂಜಿನ್‌ನ ಸೂಪರ್‌ಚಾರ್ಜಿಂಗ್. ಆರು ಸಿಲಿಂಡರ್‌ಗಳು ಸಾಲಾಗಿ ನಿಂತ ಎಂಜಿನ್ ಅದು. ಕ್ರ್ಯಾಂಕ್‌ಶಾಫ್ಟ್ 120 ಡಿಗ್ರಿ ತಿರುಗಿದಾಗಲೊಮ್ಮೆ ಒಂದು ಉರಿಯುತ್ತದೆ. ಸಾಮಾನ್ಯವಾಗಿ 1-5-3-6-2-4 ಈ ಕ್ರಮದಲ್ಲಿ. ಒಂದರ ಕುಲುಕಾಟವನ್ನು ಇನ್ನೊಂದು ನುಂಗಿಹಾಕುವುದರಿಂದ ಬೇರೆ ಹಲವು ಎಂಜಿನ್‌ಗಳಿಗಿಲ್ಲದ ನಯ ಇದಕ್ಕುಂಟು. ಇಂಥದಕ್ಕೆ ಹೊರಗಿನಿಂದ ಗಾಳಿ ತುರುಕಿದರೆ ಹೆಚ್ಚು ಇಂಧನ ಉರಿಸಬಹುದು, ಹಾರ್ಸ್‌ಪವರ್ ಏರುತ್ತದೆ. ಗಾಳಿ ತುರುಕುವ ಬ್ಲೋವರನ್ನು ಕ್ರ್ಯಾಂಕ್‌ಶಾಫ್ಟೇ ತಿರುಗಿಸಿದರೆ ಅದು ಸೂಪರ್‌ಚಾರ್ಜರ್, ಹೊಗೆ ತಿರುಗಿಸಿದರೆ ಟರ್ಬೋ.

ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ 1928ರ ಮರ್ಸಿಡಿಸ್-ಬೆಂಜ್ ಎಸ್‌ಎಸ್‌ಕೆ ಇತ್ತು. ಫರ್ಡಿನಾಂಡ್ ಪೋರ್ಷೆ ವಿನ್ಯಾಸ. 7 ಲೀಟರಿನ ಇನ್‌ಲೈನ್ ಸಿಕ್ಸ್. ಅದರ ಗುರುತಿನಲ್ಲಿ ಮೂರು ಅಂಕಿ: 27/170/225. ಮೊದಲನೆಯದು ತೆರಿಗೆಯ ಲೆಕ್ಕ, ಎರಡನೆಯದು ಬ್ಲೋವರ್ ಇಲ್ಲದಾಗಿನ ಶಕ್ತಿ, ಮೂರನೆಯದು ಬ್ಲೋವರ್ ಸಹಿತ. ಆ ಬ್ಲೋವರ್ ಸದಾ ತಿರುಗುತ್ತಿರಲಿಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಜೋಡಿಕೊಂಡು ಕಿರುಚುತ್ತಿತ್ತು, ಅದೂ ಸ್ವಲ್ಪ ಹೊತ್ತಿಗಷ್ಟೇ. ನಾನು 170 ಮತ್ತು 225ರ ನಡುವಿನ 55ಕ್ಕೆ ಮರುಳಾದೆ. "ಸ್ವಲ್ಪ ಹೊತ್ತು" ಎಂಬುದನ್ನು ಓದಿಯೂ ಓದಲಿಲ್ಲ.

ಮಾಮಾನ ಲಾರಿಯದು 697 ಎಂಜಿನ್. ಹೆಸರಿನಲ್ಲೇ ಎಲ್ಲ ಇದೆ: 6 ಸಿಲಿಂಡರ್, 97 ಮಿಲಿಮೀಟರ್ ಬೋರ್. ಟರ್ಬೋ ಇಲ್ಲದ್ದು. ಘಾಟ್‌ನಲ್ಲಿ ಹೊಸ ಟರ್ಬೋ ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದರೆ ಮಾಮಾ ಹಲ್ಲು ಕಚ್ಚುತ್ತಿದ್ದರು. ಬೇಸಿಗೆ ರಜೆಗೆ ಹೋದವನು ಪೇಪರಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ: ಗುಜರಿಯಲ್ಲೊಂದು ಟರ್ಬೋ ತಂದು ಕೂರಿಸಿ ಡೀಸೆಲ್ ಪಂಪಿನ ಸ್ಕ್ರೂ ತಿರುವಿದರೆ ಮುಗಿಯಿತು. ಗ್ಯಾರೇಜಿನ ಮಿಸ್ತ್ರಿ ತಲೆ ಕೆರೆದುಕೊಂಡ. ಮಾಮಾ ಮಾತ್ರ, "ಓದಿದಾಂವ ಹೇಳ್ತಾನ, ಮಾಡೋ" ಅಂದರು.

ಆ ಪೇಪರಿನಲ್ಲಿ ನಾನು ಬರೆಯದ ಒಂದು ಪುಟ ಇತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. 27 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೇರಿಸಿದರೆ, ಕಂಪ್ರೆಸರ್‌ನ ದಕ್ಷತೆ ಶೇ. 60 ಎಂದಿಟ್ಟುಕೊಂಡರೂ ಅದು 88 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಶೇ. 50ರಷ್ಟು ಒತ್ತಡಕ್ಕೆ ಸಿಗುವ ಹೆಚ್ಚುವರಿ ಗಾಳಿ ಶೇ. 25 ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು 50 ಡಿಗ್ರಿಗೆ ಇಳಿಸಿದರೆ ಶೇ. 39. ನಾವು ಇಂಟರ್‌ಕೂಲರ್ ಇಡಲಿಲ್ಲ. ಟರ್ಬೋಗೆಂದೇ ಕಟ್ಟಿದ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಅಡಿಯಿಂದ ಎಣ್ಣೆ ಚಿಮ್ಮಿಸಿ ತಣಿಸುವ ಜೆಟ್‌ಗಳಿರುತ್ತವೆ, ನಮ್ಮದರಲ್ಲಿ ಅವೂ ಇರಲಿಲ್ಲ. ಗಾಳಿ ಕಡಿಮೆ, ಡೀಸೆಲ್ ಜಾಸ್ತಿ, ತಣಿಸುವವರು ಯಾರೂ ಇಲ್ಲ. ಪ್ರಬಂಧದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದೆ. ಮಾಮಾನಿಗೆ ತೋರಿಸಿದ್ದು ಹಾರ್ಸ್‌ಪವರಿನ ಪುಟ ಮಾತ್ರ.

ಎರಡು ಟ್ರಿಪ್ ಲಾರಿ ಹಾರಿತು. ಮೂರನೆಯದಕ್ಕೆ ನಾನೂ ಕ್ಯಾಬಿನ್ ಹತ್ತಿದೆ. ಕುಂದಾಪುರದಿಂದ ಹಂಚು ಹೇರಿಕೊಂಡು, ಅಂಕೋಲಾದಲ್ಲಿ ಚಹಾ ಕುಡಿದು ಅರಬೈಲ್ ಘಾಟ್ ಏರತೊಡಗಿದೆವು. ಹೊಸ ಲಾರಿಯೊಂದನ್ನು ಹಿಂದೆ ಹಾಕಿದಾಗ ಮಾಮಾ ನನ್ನ ತೊಡೆಗೆ ಹೊಡೆದು ನಕ್ಕರು. ಎರಡು ತಿರುವು ದಾಟುವಷ್ಟರಲ್ಲಿ ಕಪ್ಪು ಹೊಗೆ, ಆಮೇಲೆ ಬಿಳಿ ಹೊಗೆ, ಒಳಗಿನಿಂದ ಬಡಿಗೆಯಿಂದ ಹೊಡೆದಂಥ ಸದ್ದು. ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಹುಬ್ಬಳ್ಳಿಗೆ ಎಳೆತಂದು ಬಿಚ್ಚಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಆರನೇ ಪಿಸ್ಟನ್‌ನ ತಲೆ ಕರಗಿ ತೂತು ಬಿದ್ದಿತ್ತು.

ಎಂಜಿನ್ ಕಟ್ಟಿಸಲು ಸಾಲ, ಲಾರಿ ನಿಂತಿದ್ದರಿಂದ ಫೈನಾನ್ಸಿನವರ ಕಂತು ಬಾಕಿ. ವರ್ಷ ತುಂಬುವುದರೊಳಗೆ ಲಾರಿ ಮಾರಿದರು. ಮಾಲೀಕರಾಗಿದ್ದವರು ಇನ್ನೊಬ್ಬರ ಗಾಡಿಗೆ ಡ್ರೈವರ್ ಆದರು. ನನ್ನ ಕೊನೆಯ ಸೆಮಿಸ್ಟರಿನ ಫೀ ಮಾತ್ರ ತಪ್ಪಲಿಲ್ಲ. ನಾನು ಒಳ್ಳೆಯ ಅಂಕ ತೆಗೆದು ಪುಣೆಗೆ ಬಂದೆ, ಎಂಜಿನ್ ಬಿಟ್ಟು ಸಾಫ್ಟ್‌ವೇರ್ ಹಿಡಿದೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಸಂಬಳದ ಕಾರಣ ಹೇಳುತ್ತೇನೆ.

ಈಗ ನನ್ನ ಕೈಕೆಳಗೂ ಆರು ಜನ. ಕಳೆದ ತಿಂಗಳು ಮೇಲಿನವರು, ಇದೇ ತಂಡದಿಂದ ಒಂದೂವರೆ ಪಟ್ಟು ಕೆಲಸ ತೆಗೆಯುವ ಎಕ್ಸೆಲ್ ಶೀಟ್ ಕಳಿಸಿದರು. ಲೆಕ್ಕ ತಪ್ಪಿರಲಿಲ್ಲ. ನನ್ನ ಲೆಕ್ಕವೂ ಅಂದು ತಪ್ಪಿರಲಿಲ್ಲ. "ಎಷ್ಟು ವಾರ? ಆಮೇಲೆ ರಜೆ ಯಾವಾಗ?" ಎಂದು ಕೇಳಿದೆ. ಆ ಎರಡು ಕಾಲಂ ಅದರಲ್ಲಿರಲಿಲ್ಲ. ಅವನ್ನು ಸೇರಿಸದೆ ಒಪ್ಪಿಗೆ ಕೊಡುವುದಿಲ್ಲ ಎಂದೆ. ನನ್ನ ಅಪ್ರೈಸಲ್‌ಗೆ ಇದರಿಂದ ಒಳ್ಳೆಯದಾಗಲಿಕ್ಕಿಲ್ಲ.

ಪಾರ್ಕಿಂಗ್‌ನಲ್ಲಿ ಎಂಜಿನ್ ಗುಣುಗುಡುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನುಂಗಿಕೊಂಡಿದ್ದನ್ನು ಆಡಿಯೇಬಿಟ್ಟೆ. "ಮಾಮಾ, ಆ ಲೆಕ್ಕದಾಗ ಶಾಖದ ಪುಟಾ ನಾ ನಿಮಗ ತೋರಿಸಲಿಲ್ಲ. ನನಗ ಗೊತ್ತಿತ್ತು."

ಅವರು ಎದುರಿನ ಗಾಜು ನೋಡುತ್ತ ಸುಮ್ಮನಿದ್ದರು. ಆಮೇಲೆ, "ನಾನೂ ಒಂದ್ ಮಾತ್ ಮುಚ್ಚಿಟ್ಟೀನಿ" ಅಂದರು. "ಮಿಸ್ತ್ರಿ ಪಂಪಿನ ಸ್ಕ್ರೂ ಅರ್ಧಾ ಸುತ್ತು ತಿರುವಿದ್ದಾ. ಅಂಕೋಲಾದಾಗ ನೀ ಚಾ ಕುಡೀಲಿಕ್ಕೆ ಹೋದಾಗ ನಾ ಇನ್ನರ್ಧಾ ತಿರುವಿದೆ. ನಿನ್ನ ಮುಂದ ಘಾಟ್ ಹೆಂಗ ಏರ್ತದ ತೋರಿಸಬೇಕಂತ ಆಸೆ ಆಗಿತ್ತು."

ನನಗೆ ಮಾತು ಹೊರಡಲಿಲ್ಲ.

"ನಿಮ್ಮವ್ವಗ ಹೇಳಬ್ಯಾಡ ಮತ್ತ," ಎನ್ನುತ್ತ ಬಾಗಿಲ ಹಿಡಿಕೆಗೆ ಕೈ ಹಾಕಿದರು. "ಸಾಕು, ಈಗ ಬಂದ್ ಮಾಡು."