ಕೈ ಕಪ್ಪಾದರೆ ಕನ್ನಡಿ

ಅಲ್ಯೂಮಿನಿಯಂ ಎಂದರೆ ನಮ್ಮ ಹೆಂಗಸರಿಗೆ ಸ್ವಲ್ಪ ತಾತ್ಸಾರವೇ. ಮದುವೆ ಮನೆಗೆ ಉಡುಗೊರೆ ಒಯ್ಯುವಾಗ ಬೆಳ್ಳಿಯ ಕುಂಕುಮದ ಬಟ್ಟಲು, ಅದು ಕೈಗೆಟುಕದಿದ್ದರೆ ಸ್ಟೀಲ್ ಡಬ್ಬ. ಅಲ್ಯೂಮಿನಿಯಂ ಪಾತ್ರೆಯ ಮೇಲೆ ಹೆಸರು ಕೊರೆಸಿ ಕೊಟ್ಟವರನ್ನು ನೀವು ಕಂಡಿದ್ದೀರಾ? ಬಚ್ಚಲು, ಹಿತ್ತಲು, ಹೆಚ್ಚೆಂದರೆ ಹಾಲು ಕಾಯಿಸುವ ಒಲೆ, ಇಷ್ಟೇ ಅದರ ರಾಜ್ಯ. ಕುಕ್ಕರ್ ಒಂದು ಮಾತ್ರ ಮರ್ಯಾದೆ ಉಳಿಸಿಕೊಂಡಿದೆ. ಅದೂ ಒಳಗೆ ಕಪ್ಪಾಯಿತೆಂದರೆ ಹುಣಸೆಹಣ್ಣಿನ ನೀರು ಕುದಿಸಿ ಮತ್ತೆ ಬೆಳ್ಳಗೆ ಮಾಡುವ ವಿದ್ಯೆ ನಮಗೆಲ್ಲ ಬರುತ್ತದೆ. ಅದಕ್ಕೆ ಸೋಡಾ ಹಾಕಬಾರದು, ಹಾಕಿದರೆ ಇನ್ನಷ್ಟು ಕಪ್ಪಾಗುತ್ತದೆ ಎಂಬುದನ್ನೂ ಯಾವ ಕಾಲೇಜಿಗೂ ಹೋಗದೆ ಕಲಿತಿದ್ದೇವೆ.

ಈ ಬಡಪಾಯಿ ಲೋಹ ಒಂದು ಕಾಲದಲ್ಲಿ ಬೆಳ್ಳಿಗಿಂತ ದುಬಾರಿಯಾಗಿತ್ತಂತೆ! 1884ರಲ್ಲಿ ಅಮೆರಿಕದವರು ತಮ್ಮ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕಳಶದಂತೆ ಇಟ್ಟಿದ್ದು ಅಲ್ಯೂಮಿನಿಯಂ ತುಂಡನ್ನೇ. 1886ರಲ್ಲಿ ಅಲ್ಲಿನ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ, ವಿದ್ಯುತ್ತಿನಿಂದ ಇದನ್ನು ಬೇರ್ಪಡಿಸುವ ಒಂದೇ ಉಪಾಯ ಕಂಡುಹಿಡಿದ ಮೇಲೆ ಬೆಲೆ ಇಳಿಯಿತು. ನಮ್ಮ ಕಡೆ ಇದರ ಪಾತ್ರೆ ತಯಾರಿಕೆಗೆ ನಾಂದಿ ಹಾಡಿದವರು ಮದರಾಸಿನ ಕಲಾಶಾಲೆಯಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್. ಅದು 1898ರ ಸುಮಾರಿನ ಮಾತು. ಮುಂದೆ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ಅವರೇ ಮುಖ್ಯಸ್ಥರಾಗಿ ಬಂದರು. ತಾಮ್ರ ಹಿತ್ತಾಳೆಗೆ ಬೇಕಾದ ಕಲಾಯಿಯ ಕಾಟ ಈ ಪಾತ್ರೆಗಿಲ್ಲ. ಬಡವರ ಮನೆಯ ಒಲೆಗೆ ಅದು ಬೇಗ ಹತ್ತಿರವಾದದ್ದರಲ್ಲಿ ಆಶ್ಚರ್ಯವೇನು?

ಇದನ್ನೆಲ್ಲ ನಾನು ಓದಿಕೊಂಡದ್ದು ಈಚೆಗೆ, ಭಾವನವರ ಶೆಡ್ಡಿನ ಲೆಕ್ಕ ಬರೆಯಲು ಹೋಗತೊಡಗಿದ ಮೇಲೆ. ಮೈಸೂರಿನ ಹೊರವಲಯದಲ್ಲಿ ಅವರದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ಡು. ಅಲ್ಯೂಮಿನಿಯಂ ಪೈಪು, ತಗಡು ಕತ್ತರಿಸಿ, ಬಾಗಿಸಿ, ವೆಲ್ಡ್ ಮಾಡಿ ಅಂಗಡಿಗಳಿಗೆ ಬೇಕಾದ್ದನ್ನು ಮಾಡಿಕೊಡುತ್ತಾರೆ. ಸೀರೆ ಅಂಗಡಿಯ ಗಾಜಿನ ಹಿಂದೆ ರೇಷ್ಮೆ ಸೀರೆಯನ್ನು ನೆರಿಗೆ ಹಿಡಿದು ಇಳಿಬಿಡುವ ಹೊಳೆಯುವ ಸ್ಟ್ಯಾಂಡುಗಳಿರುತ್ತವಲ್ಲ, ಅವು ಅಲ್ಲಿ ಹುಟ್ಟುತ್ತವೆ. ನಾವು ಸೀರೆಯ ಅಂಚು ನೋಡುತ್ತೇವೆ, ಸೆರಗು ನೋಡುತ್ತೇವೆ, ಬೆಲೆ ಚೀಟಿ ನೋಡಿ ನಿಟ್ಟುಸಿರು ಬಿಡುತ್ತೇವೆ. ಸ್ಟ್ಯಾಂಡನ್ನು ಯಾರು ನೋಡುತ್ತಾರೆ? ಆದರೆ ಅದರಲ್ಲಿ ಕೂದಲೆಳೆಯಷ್ಟು ತರಿ ಉಳಿದಿದ್ದರೂ ಸಾಕು, ರೇಷ್ಮೆಯ ಎಳೆ ಕಿತ್ತು ಬರುತ್ತದೆ. ಪಾಲಿಶಿನ ಮಡ್ಡಿ ಉಳಿದಿದ್ದರೆ ಸೀರೆಗೆ ಕಪ್ಪು ಕಲೆ.

ಆ ತರಿಯನ್ನೂ ಮಡ್ಡಿಯನ್ನೂ ಇಲ್ಲವಾಗಿಸುವವರು ಶೆಡ್ಡಿನ ಮೂಲೆಯಲ್ಲಿ ಕೂರುವ ಒಬ್ಬ ಹೆಂಗಸು. ವಯಸ್ಸಿನಲ್ಲಿ ನನಗಿಂತ ಹಿರಿಯರು, ನಾನು ಅವರನ್ನು ಅಕ್ಕ ಎನ್ನುತ್ತೇನೆ. ನನ್ನನ್ನು ಅವರು ಅಮ್ಮ ಎನ್ನುತ್ತಾರೆ. ಲೆಕ್ಕದ ಕೆಲಸ ಮುಗಿದ ಮೇಲೆ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು ನನಗೆ ಅಭ್ಯಾಸವಾಯಿತು.

ಹೊಳಪು ಎಂದರೆ ಮೇಲಿನಿಂದ ಬಳಿಯುವಂಥದ್ದು ಎಂದು ನಾನು ತಿಳಿದಿದ್ದೆ. "ಬಳಿಯೋದು ಏನೂ ಇಲ್ಲ ಅಮ್ಮ, ದೊಡ್ಡ ಗೀರು ತೆಗೆದು ಸಣ್ಣ ಗೀರು ಹಾಕೋದು, ಅದನ್ನ ತೆಗೆದು ಇನ್ನೂ ಸಣ್ಣದು ಹಾಕೋದು, ಅಷ್ಟೇ" ಎಂದರು ಅಕ್ಕ. ಮೊದಲು ವೆಲ್ಡಿಂಗಿನ ಗಂಟನ್ನು ಅರದಿಂದ ಉಜ್ಜಿ ಸಮ ಮಾಡಬೇಕು. ಅಲ್ಯೂಮಿನಿಯಂ ಮೆತ್ತನೆಯ ಲೋಹ, ಅರದ ಹಲ್ಲುಗಳಲ್ಲಿ ಮೆತ್ತಿಕೊಂಡು ಬಿಡುತ್ತದೆ. ಅದಕ್ಕೆ ಅಕ್ಕ ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿಡುತ್ತಾರೆ. ಆಮೇಲೆ ಎಮರಿ ಪೇಪರ್. ಮೊದಲು 120 ನಂಬರಿನದು, ನಂತರ 220, 400, 600. ನಂಬರು ಏರಿದಂತೆ ಕಾಗದ ನಯ. ಪ್ರತಿ ಸಲ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜುತ್ತಾರೆ. ಆಗ ಹಳೆಯ ಗೀರು ಉಳಿದಿದ್ದರೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಅದು ಪೂರ್ತಿ ಹೋಗುವತನಕ ಮುಂದಿನ ನಂಬರಿಗೆ ಕೈ ಹಾಕುವಂತಿಲ್ಲ. ಅವಸರಪಟ್ಟು ಹಾರಿಸಿದರೆ ಕೊನೆಯಲ್ಲಿ ಎಲ್ಲ ಕನ್ನಡಿಯಂತಾದಾಗ ಆ ಒಂದು ಗೀರು ಮಾತ್ರ ನಗುತ್ತಾ ಕೂತಿರುತ್ತದೆ.

ಇದೆಲ್ಲ ಆದ ಮೇಲೆ ಬಫಿಂಗ್ ಚಕ್ರ. ಹತ್ತಿ ಬಟ್ಟೆಯ ಪದರಗಳನ್ನು ಹೊಲಿದು ಮಾಡಿದ ಚಕ್ರ ಮೋಟಾರಿನಲ್ಲಿ ತಿರುಗುತ್ತದೆ. ಅದಕ್ಕೆ ಸೋಪಿನಂಥ ಕಂದು ಗಟ್ಟಿಯನ್ನು ತಾಗಿಸಿ, ಲೋಹವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಬೇಕು. ಅಂಚನ್ನು ತಿರುಗುವ ದಿಕ್ಕಿಗೆ ಎದುರಾಗಿ ಹಿಡಿದರೆ ಚಕ್ರ ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ. ಒಂದೇ ಕಡೆ ಒತ್ತಿ ಹಿಡಿದರೆ ಲೋಹ ಕಾದು ಮೈ ಕದಡುತ್ತದೆ. ಕಬ್ಬಿಣಕ್ಕೆ ಬಳಸಿದ ಚಕ್ರವನ್ನು ಇದಕ್ಕೆ ಮುಟ್ಟಿಸುವಂತಿಲ್ಲ, ಅದರಲ್ಲಿ ಸಿಕ್ಕಿಕೊಂಡ ಚೂರು ಮತ್ತೆ ಗೀರು ಎಬ್ಬಿಸುತ್ತದೆ. ಕೂರುವ ಮೊದಲು ಅಕ್ಕ ಬಳೆ ತೆಗೆದಿಡುತ್ತಾರೆ, ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೊಂದು ಅಂಗಿ ತೊಟ್ಟು, ಜಡೆಯನ್ನು ಗಂಟು ಹಾಕಿಕೊಳ್ಳುತ್ತಾರೆ. ಆ ಚಕ್ರಕ್ಕೆ ಹೆಂಗಸಿನ ಸೆರಗೂ ಒಂದೇ, ಹತ್ತಿಯ ಚಿಂದಿಯೂ ಒಂದೇ. ಕೊನೆಗೆ ಮೆತ್ತನೆಯ ಇನ್ನೊಂದು ಚಕ್ರ, ಬಿಳಿ ಗಟ್ಟಿ. ಅದಾದ ಮೇಲೆ ಒಣ ಮೈದಾ ಹಿಟ್ಟು ಉದುರಿಸಿ ಒರೆಸುತ್ತಾರೆ. ಹಿಟ್ಟು ಜಿಡ್ಡನ್ನೆಲ್ಲ ಎಳೆದುಕೊಳ್ಳುತ್ತದೆ. ಬಿಳಿ ಪಂಚೆಯ ತುಂಡಿನಿಂದ ತಿಕ್ಕಿ ನೋಡಿ, ಬಟ್ಟೆ ಬೆಳ್ಳಗೇ ಉಳಿದರೆ ಸ್ಟ್ಯಾಂಡು ಪಾಸು. ಸಂಜೆಗೆ ಅಕ್ಕನ ಕೈ ಮಾತ್ರ ಮೊಳಕೈತನಕ ಕಪ್ಪು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೈ ಕಪ್ಪಾದರೆ ಕನ್ನಡಿ.

ಮೊಸರಿನ ವಿಷಯಕ್ಕೆ ಬರುತ್ತೇನೆ. ಕೂಲಿ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ 'ಹೆಲ್ಪರ್' ಎಂದಿತ್ತು. ಅದೇ ಮೂಲೆಯಲ್ಲಿ ಮೊದಲು ಕೆಲಸ ಮಾಡಿ ಬೆಂಗಳೂರಿಗೆ ಹೋದ ಹುಡುಗ 'ಪಾಲಿಶರ್'. ಅವನ ಕೂಲಿ ಅಕ್ಕನದಕ್ಕಿಂತ ಒಂದೂವರೆ ಪಟ್ಟು. ಭಾವನವರನ್ನು ಕೇಳಿದೆ. "ನೋಡಮ್ಮ, ಅವನು ಕೆಲಸ ಕಲಿತು ಬಂದಿದ್ದ. ಈಕೆ ಉಜ್ಜುತ್ತಾಳೆ, ಅಷ್ಟೇ. ಮನೆಯಲ್ಲಿ ನೀವೆಲ್ಲ ಪಾತ್ರೆ ಉಜ್ಜಲ್ವಾ?" ಎಂದರು. ಅವರು ಕೆಟ್ಟವರಲ್ಲ. ಮನೆಯ ಪಾತ್ರೆ ಉಜ್ಜುವುದಕ್ಕೆ ಯಾರೂ ಯಾವತ್ತೂ ಕೂಲಿ ಹಾಕಿಲ್ಲವಾದ್ದರಿಂದ, ಉಜ್ಜುವುದು ಹೆಂಗಸರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಅವರು ನಂಬಿದ್ದರು. ಹುಟ್ಟಿನಿಂದ ಬಂದದ್ದಕ್ಕೆ ದುಡ್ಡು ಯಾಕೆ, ಅಲ್ಲವೇ?

ಆಗ ನನಗೆ ನೆನಪಾದವಳು ಆ ಚಾರ್ಲ್ಸ್ ಹಾಲ್‌ನ ಅಕ್ಕ ಜೂಲಿಯಾ. ಆಕೆಯೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ತಮ್ಮನ ಪ್ರಯೋಗಗಳಿಗೆ ಜೊತೆಯಾಗಿ ನಿಂತಳು. ಪೇಟೆಂಟಿಗೆ ತಕರಾರು ಬಂದಾಗ ಯಾವ ದಿನ ಏನು ನಡೆಯಿತೆಂದು ಬರೆದುಕೊಟ್ಟಳು. ಪೇಟೆಂಟು ತಮ್ಮನ ಹೆಸರಿಗೆ ಆಯಿತು. ಹೆಲ್ಪರ್ ಎಂಬ ಪದ ಆ ಲೋಹದಷ್ಟೇ ಹಳೆಯದು ಎನಿಸಿತು.

ಮರುದಿನ ಸೀರೆ ಅಂಗಡಿಗೆ ಕಳಿಸಿದ ಬಿಲ್ಲಿನ ನಕಲನ್ನೂ ಕೂಲಿ ಪುಸ್ತಕವನ್ನೂ ಭಾವನವರ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟೆ. ಬಿಲ್ಲಿನಲ್ಲಿ 'ಮಿರರ್ ಪಾಲಿಶ್' ಎಂದು ಬೇರೆಯೇ ಸಾಲು, ಅದಕ್ಕೆ ಬೇರೆಯೇ ದರ. "ಬಿಲ್ಲಿನಲ್ಲಿರುವ ಪಾಲಿಶ್ ಕೂಲಿ ಪುಸ್ತಕದಲ್ಲಿ ಎಲ್ಲಿ ಹೋಯಿತು ಭಾವ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. "ನೀನು ಲೆಕ್ಕ ಬರೆಯೋಕೆ ಬಂದೆಯೋ, ಲೆಕ್ಕ ಕೇಳೋಕೆ ಬಂದೆಯೋ?" ಎಂದು ನಕ್ಕರು. ಎರಡು ದಿನ ಮಾತು ಎತ್ತಲಿಲ್ಲ. ಶನಿವಾರ ಬಟವಾಡೆಗೆ ಮುಂಚೆ ತಾವೇ ಪುಸ್ತಕ ತೆಗೆದು, ಅಕ್ಕನ ಹೆಸರಿನ ಮುಂದಿನ ಪದವನ್ನು ಹೊಡೆದು 'ಪಾಲಿಶರ್' ಎಂದು ಬರೆದರು. ಕೂಲಿ ಏರಿತು, ಆ ಹುಡುಗನಷ್ಟು ಅಲ್ಲ, ಅರ್ಧ ದಾರಿಯವರೆಗೆ.

ಸಂತೋಷದ ಸುದ್ದಿ ಹೇಳಲು ಓಡಿದೆ. ಅಕ್ಕ ದುಡ್ಡು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. "ಒಳ್ಳೇದಾಯ್ತು ಅಮ್ಮ. ಹಾಗೇ ಇನ್ನೊಂದು ಮಾತು ಹೇಳಿ. ಆ ಕಬ್ಬಿಣದ ಗ್ರೈಂಡರನ್ನ ಇಲ್ಲಿಂದ ಆಚೆಗೆ ಹಾಕ್ಸಿ. ಕಿಡಿ ನನ್ನ ಕಡೆಗೇ ಹಾರುತ್ತೆ, ನನ್ನ ಸುತ್ತ ಬರೀ ದೂಳು" ಎಂದರು.

ಮನೆಗೆ ಬಂದು ಓದಿದಾಗ ಮೈ ಜುಂ ಎಂದಿತು. ಅಲ್ಯೂಮಿನಿಯಂ ತಗಡು ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಅದರ ನಯವಾದ ದೂಳು ಗಾಳಿಯಲ್ಲಿ ತೇಲುವಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಚೀನಾದ ಕುನ್‌ಷಾನ್‌ನಲ್ಲಿ ಗಾಡಿ ಚಕ್ರಗಳಿಗೆ ಪಾಲಿಶ್ ಮಾಡುವ ಕಾರ್ಖಾನೆಯೊಂದು 2014ರ ಆಗಸ್ಟ್ 2ರಂದು ಹೀಗೆಯೇ ಸಿಡಿದು, 140ಕ್ಕೂ ಹೆಚ್ಚು ಜನ ಸತ್ತರು. ಹೊತ್ತಿಕೊಂಡ ಆ ದೂಳಿಗೆ ನೀರು ಎರಚುವುದೂ ಅಪಾಯ, ಒಣ ಮರಳೇ ಮದ್ದು. ಅಕ್ಕ ಇದನ್ನೆಲ್ಲ ಓದಿರಲಿಲ್ಲ. ತಮ್ಮ ಮೂಲೆಯನ್ನು ನೋಡಿಯೇ ತಿಳಿದುಕೊಂಡಿದ್ದರು.

ಈಗ ಕಬ್ಬಿಣದ ಗ್ರೈಂಡರ್ ಶೆಡ್ಡಿನ ಆಚೆ, ತಗಡಿನ ಮಾಡಿನ ಕೆಳಗಿದೆ. ಅಕ್ಕನ ಪಕ್ಕದಲ್ಲಿ ಮರಳಿನ ಬಕೆಟ್ಟು, ಮುಖಕ್ಕೆ ಮಾಸ್ಕು. ದಿನವೂ ಸಂಜೆ ಮೆತ್ತನೆಯ ಪೊರಕೆಯಿಂದ ಗುಡಿಸಿದ ದೂಳು ಮುಚ್ಚಳವಿರುವ ಒಣ ಡಬ್ಬಕ್ಕೆ ಹೋಗುತ್ತದೆ. ದೂಳು ಹೀರುವ ಯಂತ್ರಕ್ಕೆ ಭಾವನವರು ಬೆಲೆ ವಿಚಾರಿಸಿದ್ದಾರೆ. ಕೂಲಿಯ ಉಳಿದರ್ಧ ದಾರಿಯ ಮಾತನ್ನು ಯುಗಾದಿಗೆ ಎತ್ತುವುದೆಂದು ನಾನೂ ಅಕ್ಕನೂ ನಿಶ್ಚಯಿಸಿದ್ದೇವೆ. ಅಕ್ಕ ಹೇಳಿಕೊಟ್ಟ ಹಾಗೆ, ಹಳೆಯ ಗೀರು ಪೂರ್ತಿ ಹೋಗದೆ ಮುಂದಿನ ನಂಬರಿಗೆ ಹೋಗುವಂತಿಲ್ಲವಲ್ಲ.