ಕಾಲ ಕೆಳಗಿನ ಪೆಟ್ಟಿಗೆಗಳು

ನಮ್ಮ ಮನೆಯ ಮಂಚದ ಕೆಳಗೆ ಒಂದು ಹಳೆಯ ಸೂಟ್‌ಕೇಸ್ ಇದೆ. ಅದರೊಳಗೆ ನಾಲ್ಕು ಪೆಡಲ್‌ಗಳಿವೆ. ಕೊಂಡಿದ್ದು ಒಟ್ಟು ಆರು. ಮೊದಲನೆಯದು ಬಂದ ದಿನ ನನ್ನ ಹೆಂಡತಿ ಅದನ್ನು ಹೊಲಿಗೆ ಮಷೀನಿನದು ಎಂದುಕೊಂಡು ಖುಷಿಪಟ್ಟಿದ್ದಳು. ಎರಡನೆಯದು ಬಂದಾಗ "ಇರೋದು ಎರಡೇ ಕಾಲು, ಅದರಲ್ಲಿ ಒಂದು ಕಾಲಿಗೆ ಎಷ್ಟು ಬೇಕು?" ಎಂದು ಕೇಳಿದಳು. ಮೂರನೆಯದರ ಹೊತ್ತಿಗೆ ನಾನು ಡಬ್ಬಿಯನ್ನು ಆಫೀಸಿನಲ್ಲೇ ಬಿಚ್ಚಿ, ಪೆಡಲನ್ನು ಊಟದ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬರುವುದನ್ನು ಕಲಿತಿದ್ದೆ.

ನಾನು ನುಡಿಸುವುದು ಸ್ಟೀಲ್ ಗಿಟಾರ್. ನಮ್ಮ ಕಡೆಯ ಹಳಬರು ಹವಾಯಿಯನ್ ಗಿಟಾರ್ ಎನ್ನುತ್ತಾರೆ. ತೊಡೆಯ ಮೇಲೆ ಮಲಗಿಸಿಕೊಂಡು, ಬಲಗೈಯಿಂದ ಮೀಟುತ್ತ, ಎಡಗೈಯಲ್ಲಿ ಹಿಡಿದ ಉಕ್ಕಿನ ಬಾರನ್ನು ತಂತಿಗಳ ಮೇಲೆ ಜಾರಿಸುವ ವಾದ್ಯ. ಮಾಮೂಲಿ ಗಿಟಾರಿನಲ್ಲಿ ಬೆರಳನ್ನು ಎರಡು ಫ್ರೆಟ್‌ಗಳ ನಡುವೆ ಎಲ್ಲಿಟ್ಟರೂ ಸ್ವರ ತನ್ನ ಜಾಗದಲ್ಲೇ ನುಡಿಯುತ್ತದೆ. ಇಲ್ಲಿ ಫ್ರೆಟ್ ಎನ್ನುವುದು ಬರೀ ಗೆರೆ. ಬಾರು ಆ ಗೆರೆಯಿಂದ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಅಪಸ್ವರ. ಪೆಡಲ್ ಸ್ಟೀಲ್ ಎಂಬ ಇನ್ನೊಂದು ದೊಡ್ಡ ವಾದ್ಯವಿದೆ, ಅದರ ಪೆಡಲ್‌ಗಳು ತಂತಿಯ ಶ್ರುತಿಯನ್ನೇ ಏರಿಳಿಸುತ್ತವೆ. ನಾನು ಹೇಳುತ್ತಿರುವುದು ಅದಲ್ಲ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ಕೂತು ನಾದದ ಬಣ್ಣ ಬದಲಿಸುವ ಪುಟ್ಟ ಪೆಟ್ಟಿಗೆಗಳ ವಿಷಯ.

ಈ ವಾದ್ಯ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಹವಾಯಿಯ ಒಆಹು ದ್ವೀಪದಲ್ಲಿ. ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರಿನ ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಕ್ರಮವನ್ನು ರೂಢಿಗೆ ತಂದ ಎನ್ನುತ್ತಾರೆ. 1940ರ ದಶಕದಲ್ಲಿ ಟಾವು ಮೋ ಕುಟುಂಬ ಕೋಲ್ಕತ್ತಾದಲ್ಲಿ ನೆಲೆಸಿ ಅಲ್ಲಿನವರಿಗೆ ಇದರ ಹುಚ್ಚು ಹಿಡಿಸಿತು. ಬ್ರಿಜ್ ಭೂಷಣ್ ಕಾಬ್ರಾ ಇದನ್ನು ಹಿಂದೂಸ್ತಾನಿ ರಾಗಕ್ಕೆ ಒಗ್ಗಿಸಿದರು. ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ನುಡಿಸಿದ 'ಕಾಲ್ ಆಫ್ ದಿ ವ್ಯಾಲಿ' 1967ರದು. ಆದರೆ ನಮ್ಮಂಥವರ ಕಿವಿಗೆ ಇದು ಬಿದ್ದಿದ್ದು ಸಿನಿಮಾ ಹಾಡಿನ ಬೆನ್ನೇರಿ. ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಇವರ ತಟ್ಟೆಗಳು ರೇಡಿಯೋದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಖಾಲಿ ಜಾಗದಲ್ಲಿ ಬರುತ್ತಿದ್ದವು. ಮಾತಿಲ್ಲದ ಹಾಡು ಎಷ್ಟು ಹೊತ್ತಿಗೆ ನಿಲ್ಲುತ್ತದೋ ಎಂಬ ಆತಂಕದಲ್ಲೇ ನಾನು ಅದನ್ನು ಕೇಳುತ್ತಿದ್ದೆ.

ನನಗೆ ಕಲಿಸಿದ ಮೇಷ್ಟ್ರು ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವರು. ಗಣೇಶನ ಹಬ್ಬದ ಪೆಂಡಾಲು, ಮದುವೆಯ ಆರತಕ್ಷತೆ, ರಾಜನ್-ನಾಗೇಂದ್ರರ ಹಾಡುಗಳು. ನಾನು ಅವರ ಬಳಿ ಹೋಗುವ ಹೊತ್ತಿಗೆ ನನಗೆ ನಲವತ್ತು ಸಮೀಪಿಸಿತ್ತು. ಅವರ ಎಡಗೈಗೆ ನಡುಕ ಶುರುವಾಗಿ, ನುಡಿಸುವುದನ್ನು ಬಿಟ್ಟಾಗಿತ್ತು. ಬಾಯಲ್ಲಿ ಹಾಡಿ ತೋರಿಸುತ್ತಿದ್ದರು, ನಾನು ಹುಡುಕಿಕೊಳ್ಳಬೇಕಿತ್ತು.

ಪೆಡಲಿನ ಚಟ ಹತ್ತಿದ್ದು ರಾತ್ರಿ ಹೊತ್ತು ವಿಡಿಯೋ ನೋಡುತ್ತ. ಪೆಟ್ಟಿಗೆ ಕಟ್ಟಿಕೊಂಡವರಲ್ಲಿ ನಾನೇ ಮೊದಲಿಗನೇನಲ್ಲ. ಮಾರುಕಟ್ಟೆಯಲ್ಲಿ ನೆಲೆನಿಂತ ಮೊದಲ ಎಲೆಕ್ಟ್ರಿಕ್ ಗಿಟಾರೇ ತೊಡೆಯ ಮೇಲಿನ ಸ್ಟೀಲ್ ಗಿಟಾರ್. 1932ರಲ್ಲಿ ಬಂದದ್ದು, ನೋಡಲು ಉದ್ದ ಹಿಡಿಯ ಕಾವಲಿಯ ಹಾಗಿತ್ತು. ಅಮೆರಿಕದ ಪೀಟ್ ಡ್ರೇಕ್ 1964ರ 'ಫಾರೆವರ್' ಹಾಡಿನಲ್ಲಿ ಸ್ಟೀಲ್ ಗಿಟಾರಿನ ನಾದವನ್ನು ಕೊಳವೆಯಲ್ಲಿ ಬಾಯಿಗೆ ಹರಿಸಿ, ತುಟಿ ಆಡಿಸಿ, ಗಿಟಾರಿನಿಂದಲೇ ಮಾತಾಡಿಸಿದ. 1983ರ 'ಅಪೊಲೊ' ಆಲ್ಬಮ್ಮಿನಲ್ಲಿ ಡೇನಿಯಲ್ ಲಾನ್ವಾ ನುಡಿಸಿದ ಪೆಡಲ್ ಸ್ಟೀಲ್ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಂತಿಯ ವಾದ್ಯ ಎನ್ನುವುದೇ ಮರೆತುಹೋಗುವಂಥ ನಾದ. ಬೆಳಗ್ಗೆ ಎದ್ದು ರಿವರ್ಬ್ ಪೆಡಲಿಗೆ ದುಡ್ಡು ಕಟ್ಟಿದೆ.

ಆಮೇಲೆ ಒಂದೊಂದಾಗಿ ಬಂದವು. ಕಂಪ್ರೆಸರ್ ಮೆಲುದನಿಯನ್ನು ಎತ್ತಿ ಜೋರುದನಿಯನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗೆಯೇ ಬಾರು ತಂತಿಗೆ ತಾಗುವ ಕರಕರ ಸದ್ದನ್ನೂ ಎತ್ತುತ್ತದೆ. ಓವರ್‌ಡ್ರೈವ್ ಒಂಟಿ ತಂತಿಯನ್ನು ಅದ್ಭುತವಾಗಿ ಹಾಡಿಸುತ್ತದೆ, ಮೂರು ತಂತಿ ಒಟ್ಟಿಗೆ ಮೀಟಿದರೆ ಕೆಸರು. ಕೋರಸ್ ಒಂದು ಗಿಟಾರನ್ನು ಎರಡಾಗಿ ಕೇಳಿಸುತ್ತದೆ, ಅದೂ ಎರಡರ ಶ್ರುತಿ ಕೊಂಚ ಕೂಡದ ಹಾಗೆ. ಒಂದರ ಶ್ರುತಿಯನ್ನೇ ಕೂಡಿಸಲು ಹೆಣಗುತ್ತಿದ್ದವನಿಗೆ ಅದು ಯಾಕೆ ಬೇಕಿತ್ತೋ.

ಹೆಚ್ಚು ಕಾಡಿದ್ದು ಡಿಲೇ. ಅದು ನುಡಿಸಿದ್ದನ್ನು ಹಿಡಿದಿಟ್ಟುಕೊಂಡು ಕ್ಷಣ ಬಿಟ್ಟು ಮತ್ತೆ ಮತ್ತೆ ಹೇಳುತ್ತದೆ. ಫ್ರೆಟ್ಟಿನ ಗಿಟಾರಿನಲ್ಲಿ ಅದು ಹೇಳುವುದು ಒಂದು ಸ್ವರವನ್ನು. ಸ್ಟೀಲ್ ಗಿಟಾರಿನಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೂ ಸಂಗೀತವೇ. ನಾನು ಗಾಂಧಾರದಿಂದ ಪಂಚಮಕ್ಕೆ ಜಾರಿ ಅಲ್ಲಿ ನಿಂತಾಗ, ಡಿಲೇ ಹಿಂದಿನಿಂದ ಇನ್ನೂ ಜಾರುತ್ತಲೇ ಇರುತ್ತದೆ. ನಾನು ಮನೆ ತಲುಪಿ ಚಪ್ಪಲಿ ಬಿಟ್ಟಾಗಿದೆ, ನನ್ನ ನೆರಳು ಇನ್ನೂ ಬೀದಿಯಲ್ಲಿದೆ. ಸ್ವರ ಎಣಿಸಿಕೊಂಡು ನುಡಿಸುವ ಹಾಡಿಗೆ ಇದು ಸರಿ. ಮೀಂಡಿನ ಹಾಡಿಗೆ ಪುನರಾವರ್ತನೆಯ ದನಿಯನ್ನು ತೀರಾ ಸಣ್ಣದಾಗಿಡಬೇಕು, ಇಲ್ಲವೇ ಪೆಡಲನ್ನು ಮನೆಯಲ್ಲೇ ಬಿಡಬೇಕು.

ಇವನ್ನೆಲ್ಲ ಒಂದೇ ಅಡಾಪ್ಟರಿಗೆ ಸಿಕ್ಕಿಸಿದಾಗ ಗುಂಯ್ ಎಂಬ ಸದ್ದು ಬಂತು. ನಮ್ಮ ಮನೆಗಳ ಕರೆಂಟು 50 ಹರ್ಟ್ಜ್‌ನದು, ಆದ್ದರಿಂದ ಆ ಗುಂಯ್‌ನಲ್ಲಿ 50 ಮತ್ತು 100 ಹರ್ಟ್ಜ್‌ಗಳು ಎದ್ದು ಕೇಳುತ್ತವೆ. ನನ್ನ ಗಿಟಾರಿನ ಕೊನೆಯ ತಂತಿಯ ಜಿ ಸ್ವರ 98 ಹರ್ಟ್ಜ್. ಎರಡೂ ಒಟ್ಟಿಗಿದ್ದರೆ ಸೆಕೆಂಡಿಗೆ ಎರಡು ಸಲ ನಾದ ತೂಗಾಡುತ್ತದೆ. ಮೇಷ್ಟ್ರು ಒಮ್ಮೆ ಮನೆಗೆ ಬಂದಾಗ ಬಾಗಿಲಲ್ಲೇ ನಿಂತು ಕೇಳಿ, "ಕರೆಂಟಿನವರ ಶ್ರುತಿ ನಿನಗಿಂತ ಒಂಚೂರು ಮೇಲಿದೆಯಲ್ಲಯ್ಯಾ" ಎಂದರು. ಲೆಕ್ಕ ಹಾಕಿದವನು ನಾನು. ಅವರು ಕಿವಿಯಲ್ಲೇ ಹೇಳಿದ್ದು. ಪ್ರತಿ ಪೆಡಲಿಗೂ ಬೇರೆ ಬೇರೆಯಾಗಿ ಕರೆಂಟು ಕೊಡುವ ಇನ್ನೊಂದು ಪೆಟ್ಟಿಗೆ ಕೊಂಡ ಮೇಲೆ ಅದು ತಗ್ಗಿತು.

ಕೊನೆಗೆ ಕೊಂಡಿದ್ದು ವಾಲ್ಯೂಮ್ ಪೆಡಲ್. ಮೇಷ್ಟ್ರು ಮೊದಲ ದಿನವೇ ಹೇಳಿದ್ದು ಅದನ್ನೇ. "ಬರೀ ದನಿ ಹೆಚ್ಚು ಕಡಿಮೆ ಮಾಡೋಕೆ ಕಾಲು ಬೇಕಾ" ಎಂದು ನಾನು ಉದಾಸೀನ ಮಾಡಿದ್ದೆ. ಮೀಟಿದ ತಂತಿಯ ಹಣೆಬರಹವೇನೆಂದರೆ, ಹುಟ್ಟಿದ ಕ್ಷಣದಲ್ಲೇ ಅದರ ದನಿ ಅತಿ ದೊಡ್ಡದು, ಅಲ್ಲಿಂದ ಮುಂದೆ ಇಳಿಕೆಯೇ. ಹಾಡುವವರು ಮೆಲ್ಲಗೆ ಹಿಡಿದು ದೊಡ್ಡದು ಮಾಡಬಲ್ಲರು, ಪಿಟೀಲಿನವರೂ ಮಾಡಬಲ್ಲರು. ಮೀಟುವವರಿಗೆ ಆ ಭಾಗ್ಯವಿಲ್ಲ. ಪೆಡಲನ್ನು ಅರ್ಧ ಒತ್ತಿ ಮೀಟಿ, ನಾದ ಸಾಯುತ್ತ ಹೋದಂತೆ ಪಾದವನ್ನು ಒತ್ತುತ್ತ ಹೋದರೆ ಸ್ವರ ಸಮವಾಗಿ ನಿಲ್ಲುತ್ತದೆ. ಪೂರ್ತಿ ಮುಚ್ಚಿ ಮೀಟಿ ಆಮೇಲೆ ತೆರೆದರೆ ಮೀಟಿದ ಪೆಟ್ಟೇ ಕೇಳದೆ ಕಮಾನಿನ ವಾದ್ಯದಂತೆ ದನಿ ಅರಳುತ್ತದೆ. ಡಿಲೇ, ರಿವರ್ಬ್‌ಗಳಿಗಿಂತ ಮೊದಲು ಇದನ್ನಿಟ್ಟರೆ ಪಾದ ಎತ್ತಿದರೂ ಹಿಂದಿನ ನಾದ ತಾನಾಗಿ ಕರಗುತ್ತದೆ. ಅವುಗಳ ನಂತರ ಇಟ್ಟರೆ ಅದೂ ಕತ್ತರಿಸಿಹೋಗುತ್ತದೆ. ಕಂಪ್ರೆಸರ್ ಇದರ ಹಿಂದಿರಬೇಕೇ ಹೊರತು ಮುಂದಲ್ಲ. ಮುಂದಿದ್ದರೆ ಪಾದ ಮಾಡಿದ ಏರಿಳಿತವನ್ನೆಲ್ಲ ಅದು ಮತ್ತೆ ಸಪಾಟು ಮಾಡಿಬಿಡುತ್ತದೆ. ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಆರೂ ಪೆಡಲ್‌ಗಳನ್ನು ಒಂದು ಹಲಗೆಗೆ ಬಿಗಿದು ಆ ವರ್ಷದ ಗಣೇಶನ ಹಬ್ಬದಲ್ಲಿ ನಮ್ಮ ಬೀದಿಯ ಪೆಂಡಾಲಿನಲ್ಲಿ ಮೂರು ಹಾಡು ನುಡಿಸಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಮೇಷ್ಟ್ರು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಕಾರ್ಯಕ್ರಮ ಮುಗಿದದ್ದೇ ಪ್ರಸಾದ ತೆಗೆದುಕೊಂಡು ಹೊರಟುಬಿಟ್ಟರು. ಮಾರನೇ ದಿನ ಅವರ ಮನೆಗೆ ಹೋದೆ. ಕಾಫಿ ಬಂತು. ಊರಿನ ಮಳೆ, ಪೆಂಡಾಲಿನ ಖರ್ಚು ಎಲ್ಲ ಮಾತಾಡಿದರು. ಕೊನೆಗೆ ನಾನೇ ಕೇಳಿದೆ.

"ಸೌಂಡು ಬಹಳ ಚೆನ್ನಾಗಿತ್ತು ಕಣಯ್ಯ" ಎಂದರು. ಲೋಟ ಕೆಳಗಿಟ್ಟು, "ನೀನು ನುಡಿಸಿದ್ದು ಕೇಳಿಸಲಿಲ್ಲ" ಎಂದರು.

ಸಿಟ್ಟು ಬಂತು. ಕೈ ನಡುಗುವವರ ಹೊಟ್ಟೆಕಿಚ್ಚು ಎಂದೂ ಒಂದು ಕ್ಷಣ ಅನಿಸಿತು, ಬರೆಯಲು ನಾಚಿಕೆಯಾಗುತ್ತದೆ. ಆ ರಾತ್ರಿ ಹಲಗೆಯನ್ನು ಬದಿಗಿಟ್ಟು, ಗಿಟಾರನ್ನು ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿ, ತಂಬೂರಿ ಹಾಕಿಕೊಂಡು ಅದೇ ಹಾಡನ್ನು ನುಡಿಸಿ ಫೋನಿನಲ್ಲಿ ಹಿಡಿದೆ. ಕೇಳಿದೆ. ನನ್ನ ಗಾಂಧಾರ ಪ್ರತಿಸಲವೂ ಕೂದಲೆಳೆಯಷ್ಟು ಕೆಳಗೆ ಬೀಳುತ್ತಿತ್ತು. ಬಿದ್ದ ಮೇಲೆ ಗೊತ್ತಾಗಿ ಬಾರನ್ನು ಮೇಲಕ್ಕೆ ಸರಿಸುತ್ತಿದ್ದೆ. ರಿವರ್ಬಿನಲ್ಲಿ ಆ ತಿದ್ದುಪಡಿ ಗಮಕದ ಹಾಗೆ ಕೇಳಿಸುತ್ತಿತ್ತು. ಜನ ಅದನ್ನು ಗಮಕ ಎಂದುಕೊಂಡಿದ್ದರು, ನಾನೂ ಎಂದುಕೊಂಡಿದ್ದೆ. ಒಂದೊಂದು ಪೆಡಲ್ ಕೊಂಡಾಗಲೂ ನುಡಿಸುವುದು ಸುಧಾರಿಸಿದೆ ಎಂದು ಅನಿಸಿದ್ದು ಯಾಕೆಂದು ಆಗ ತಿಳಿಯಿತು. ಒಂದೊಂದೂ ಒಂದೊಂದು ತಪ್ಪನ್ನು ನನ್ನ ಕಿವಿಯಿಂದಲೇ ಮರೆಮಾಡಿತ್ತು.

ಆಮೇಲೆ ಎಂಟು ತಿಂಗಳು ವಾಲ್ಯೂಮ್ ಪೆಡಲ್ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆ ದಿನಗಳು ಹಿತವಾಗಿರಲಿಲ್ಲ. ರಿವರ್ಬ್ ಇಲ್ಲದ ಸ್ಟೀಲ್ ಗಿಟಾರ್ ಬೆಳಗಿನ ಬಿಸಿಲಲ್ಲಿ ಕನ್ನಡಿ ನೋಡಿಕೊಂಡ ಹಾಗೆ. ಗಾಂಧಾರ ಮೆಲ್ಲಗೆ ತನ್ನ ಜಾಗಕ್ಕೆ ಬಂತು. ಈಗಲೂ ಹತ್ತು ಸಲಕ್ಕೆ ಎರಡು ಸಲ ತಪ್ಪುತ್ತದೆ, ಆದರೆ ತಪ್ಪಿದ್ದು ನನಗೆ ಗೊತ್ತಾಗುತ್ತದೆ.

ಕತೆ ಇಲ್ಲಿಗೇ ಮುಗಿದಿದ್ದರೆ ಪೆಡಲ್ ಎಂದರೆ ಮೋಸ ಎಂದು ನೀತಿ ಹೇಳಿ ಎದ್ದುಬಿಡುತ್ತಿದ್ದೆ. ಉಳಿದ ಐದನ್ನೂ ಮಾರುವುದೆಂದು ನಿಶ್ಚಯಿಸಿ, ಚೀಲದಲ್ಲಿ ಹಾಕಿಕೊಂಡು ಹೋಗುವ ದಾರಿಯಲ್ಲಿ ಮೇಷ್ಟ್ರ ಮನೆ ಹೊಕ್ಕೆ. "ಏನದು, ತೋರ್ಸು" ಎಂದರು. ಒಂದೊಂದನ್ನೂ ಕೈಯಲ್ಲಿ ಹಿಡಿದು ಗುಂಡಿ ತಿರುಗಿಸಿ ನೋಡಿದರು. ಆಮೇಲೆ ಒಳಗೆ ಹೋಗಿ ತಮ್ಮ ಗಿಟಾರನ್ನು ತಂದು, ಹಾಸಿದ್ದ ಬಟ್ಟೆ ತೆಗೆದರು. ಅವರು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಾರನ್ನು ತಂತಿಗೆ ತಾಗಿಸಿದ ಕೂಡಲೇ ಟಿಕಟಿಕ ಸದ್ದು. ಕೈಯ ನಡುಕ ಉಕ್ಕಿಗೆ, ಉಕ್ಕಿನಿಂದ ತಂತಿಗೆ. ಎರಡು ಸ್ವರ ನುಡಿಸಿ ನಿಲ್ಲಿಸಿದರು. ನಾನು ಏನೂ ಹೇಳದೆ ಅವರ ಹಳೆಯ ವಾಲ್ಯೂಮ್ ಪೆಡಲಿನ ಮುಂದೆ ನನ್ನ ರಿವರ್ಬನ್ನು ಜೋಡಿಸಿದೆ. ಆಂಪ್ಲಿಫೈಯರಿನ ಟೋನನ್ನು ಇಳಿಸಿದೆ. ಟಿಕಟಿಕ ಬಹುಪಾಲು ಅಡಗಿತು. ಅವರ ಕಾಲಿಗೆ ಏನೂ ಆಗಿರಲಿಲ್ಲ. ಪಾದ ಎತ್ತಿ ಮೀಟಿ, ಮೆಲ್ಲಗೆ ಒತ್ತಿದರು. ದನಿ ಎಲ್ಲಿಂದಲೋ ಎದ್ದು ಬಂತು. ಅದೇ ನಡುಕ ರಿವರ್ಬಿನೊಳಗೆ ಹರಡಿಕೊಂಡು ಕಂಪನವಾಗಿ ಕೇಳಿಸಿತು. ಒಂದು ಪಲ್ಲವಿ, ಅರ್ಧ ಚರಣ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತರು.

"ಕೈ ಸುಳ್ಳು ಹೇಳ್ತಾ ಇದೆ, ಪೆಟ್ಟಿಗೆ ಮುಚ್ಚಿಹಾಕ್ತಾ ಇದೆ" ಎಂದು ಮೇಷ್ಟ್ರು ನಕ್ಕರು. ಇನ್ನೊಂದು ಸಲ ಅದೇ ಪಲ್ಲವಿ ನುಡಿಸಿದರು. ಗಾಂಧಾರ ಎಲ್ಲಿರಬೇಕೋ ಅದರ ಸುತ್ತಲೇ ನಡುಗುತ್ತಿತ್ತು, ನಟ್ಟನಡುವೆ ಆ ಜಾಗ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನದು ಜಾಗ ಗೊತ್ತಿಲ್ಲದ ಕೈ, ಅವರದು ಜಾಗ ಗೊತ್ತಿದ್ದೂ ನಿಲ್ಲಲಾಗದ ಕೈ. ಒಂದೇ ಪೆಟ್ಟಿಗೆ ಎರಡನ್ನೂ ಮುಚ್ಚುತ್ತಿತ್ತು. ಎರಡೂ ಒಂದೇ ಮುಚ್ಚುವಿಕೆ ಎಂದು ನನಗೆ ಈಗಲೂ ಅನಿಸುವುದಿಲ್ಲ.

ಹೊರಡುವಾಗ ರಿವರ್ಬನ್ನು ಚೀಲಕ್ಕೆ ಹಾಕಲು ಬಗ್ಗಿದೆ. ಮೇಷ್ಟ್ರು ಅದರ ಮೇಲೆ ಪಾದ ಇಟ್ಟರು. "ಇದು ನಿನಗೆ ಬೇಡ ಕಣಯ್ಯ. ನನಗಿರಲಿ."

ಉಳಿದ ನಾಲ್ಕನ್ನು ಮಾರಲು ಆಮೇಲೆ ಮನಸ್ಸಾಗಲಿಲ್ಲ. ಸೂಟ್‌ಕೇಸಿನಲ್ಲಿವೆ. ಹೊಸದಾಗಿ ಕಲಿಯುವವರು ಯಾರಾದರೂ ಯಾವ ಪೆಡಲ್ ಕೊಳ್ಳಲಿ ಎಂದು ಕೇಳಿದರೆ, ಮೊದಲು ವಾಲ್ಯೂಮ್ ಪೆಡಲ್, ಆಮೇಲೆ ಒಂದು ವರ್ಷ ಏನೂ ಬೇಡ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಹೋದ ವಾರ ಅಮ್ಮ ಫೋನ್ ಮಾಡಿದ್ದರು. ಸಂಜೆ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದರಂತೆ, ಎರಡು ದಿನದಿಂದ ಪೆಟ್ಟಿಗೆಯ ದೀಪ ಹತ್ತುತ್ತಿಲ್ಲವಂತೆ. ಅಡಾಪ್ಟರ್ ಕೆಟ್ಟಿರಬೇಕು. 9 ವೋಲ್ಟಿನದು, ಪಿನ್ನಿನ ನಡುವೆ ನೆಗೆಟಿವ್ ಇರುವುದೇ ಆಗಬೇಕು, ಬೀದಿಯಲ್ಲಿ ಸಿಗುವುದೆಲ್ಲ ಆಗುವುದಿಲ್ಲ. ನಾಳೆ ಆಫೀಸಿನಿಂದ ಬರುವಾಗ ತೆಗೆದುಕೊಂಡು ಹೋಗಬೇಕು.