ಜೆಪ್ಪುವಿನಲ್ಲಿ ಅಗ್ಗದ ಆರೋಗ್ಯ

ನೇತ್ರಾವತಿಯ ಕಡೆಗೆ ಇಳಿಯುವ ಜೆಪ್ಪುವು 1865ರಲ್ಲಿ ಬಾಸೆಲ್ ಮಿಶನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಸ್ಥಳವು. ಕೂಲಿಯ ದುಡ್ಡನ್ನೆಣಿಸಿ ಅಕ್ಕಿ ಕೊಳ್ಳುವ ಮನೆಗಳಿಗೆ ಈ ಊರು ಹೊಸತಲ್ಲ. ಈಗಲಾದರೋ ನಗರದ ರಿಯಾಯಿತಿ ಮಳಿಗೆಗಳಲ್ಲಿ ‘ಸಾವಯವ’ವೆಂಬ ಪೊಟ್ಟಣಗಳು ಸಾಲಾಗಿ ಕುಳಿತಿವೆ.

ಗೃಹಿಣಿಯರು ಮೊದಲು ಮುದ್ರೆಯನ್ನು ನೋಡತಕ್ಕದ್ದು. 2017ರ ನಿಯಮದಂತೆ ಅಂಥ ಪೊಟ್ಟಣದ ಮೇಲೆ ಸಾವಯವದ ಅಧಿಕೃತ ಚಿಹ್ನೆಯಿರಬೇಕು. ಇಲ್ಲವಾದರೆ ಹೆಚ್ಚಿನ ಬೆಲೆ ತೆರುವುದೇಕೆ? ತಾನೇ ಬೆಳೆದು ತಾನೇ ಮಾರುವ ಸಣ್ಣ ರೈತನಿಗೆ ಮಾತ್ರ ಪ್ರಮಾಣಪತ್ರದ ಕಟ್ಟಿಲ್ಲ. ಅಲ್ಲಿ ಮುಖಪರಿಚಯವೇ ಆಧಾರ.

ಆದರೆ ಆರೋಗ್ಯವೆಲ್ಲವೂ ಮುದ್ರೆಯಲ್ಲಿಲ್ಲ. ಸಾವಯವ ಸಕ್ಕರೆಯ ಬಿಸ್ಕತ್ತೂ ಬಿಸ್ಕತ್ತೇ! ನಮ್ಮ ಕುಚ್ಚಲಕ್ಕಿಯನ್ನು ನೋಡಿರಿ: ಭತ್ತವನ್ನು ಹೊಟ್ಟುಸಹಿತ ಬೇಯಿಸುವಾಗ ತೌಡಿನ ಬಿ ಜೀವಸತ್ವಗಳು ಕಾಳಿನೊಳಗೆ ಇಳಿಯುತ್ತವೆ, ಕೆಂಪು ತೌಡನ್ನು ಉಳಿಸಿದರೆ ನಾರೂ ಉಳಿಯುವುದು. ತೌಡು ಕಳೆದು ಬೆಳ್ಳಗೆ ಮಾಡಿದ ಸಾವಯವ ಬೆಳ್ತಿಗೆಗಿಂತ ಸಾದಾ ಕೆಂಪು ಕುಚ್ಚಲಕ್ಕಿಯೇ ಮೇಲೆಂದು ನನ್ನ ಮತ. ಅದರ ಗಂಜಿ, ಹುರುಳಿಯ ಸಾರು, ಹಿತ್ತಿಲ ಬಸಳೆ, ಮೀನುಣ್ಣುವವರಿಗೆ ಬೂತಾಯಿ: ಇವುಗಳಿಗೆ ಜಾಹೀರಾತು ಬೇಕಿಲ್ಲ.

ಅಕ್ಕಿ, ಹುರುಳಿಗಳನ್ನು ರಿಯಾಯಿತಿಯಿದ್ದಾಗ ತಿಂಗಳಿಗಾಗುವಷ್ಟು ತಂದಿಡಿರಿ; ಕಾಸು ಮಿಕ್ಕರೆ ಸಾವಯವದ ಬೆಲೆಯನ್ನು ಸೊಪ್ಪಿಗೆ ಕೊಡಿರಿ.